ಉಡಿಕಿ ಚಿಗವ್ವ

ಚಿಗವ್ವನ ಬಲಗೈ ಹೆಬ್ಬೆರಳು ಚಕ್ಕಳದಷ್ಟು ಗಟ್ಟಿ. ಮೂವತ್ತು ವರ್ಷ ಕೌದಿ ಹೊಲಿದು, ಸೂಜಿ ಚುಚ್ಚಿದರೂ ಗೊತ್ತಾಗದಷ್ಟು ಜಡ್ಡುಗಟ್ಟಿತ್ತು. ಅದೇ ಕೈಯಿಂದ ನನ್ನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಉರಿಯುತ್ತಿತ್ತು, ಆದರೂ ತಲೆ ಕೊಡುತ್ತಿದ್ದೆ. ಅವ್ವ ಸತ್ತ ಮೇಲೆ ನನ್ನನ್ನು ಮುಟ್ಟುವವರು ಬೇರೆ ಯಾರಿದ್ದರು?

ಕೊಟ್ಟೂರಿನ ನಮ್ಮ ಓಣಿಯಲ್ಲಿ ಅವಳದು ಪಕ್ಕದ ಮನೆ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅವಳನ್ನು ಒಬ್ಬ ಬಸ್ ಚಾಲಕ ಹಿರಿಯರ ಮುಂದೆ ಸೀರೆ ಉಡಿಸಿ, ಬಳೆ ತೊಡಿಸಿ ಉಡಿಕಿ ಮಾಡಿಕೊಂಡಿದ್ದ. ಅವನ ಮೊದಲ ಹೆಂಡತಿ ಹರಪನಹಳ್ಳಿಯಲ್ಲಿದ್ದಳು. ಅವಳ ಬಿಡುಗಡೆಯ ಕಾಗದಕ್ಕೆ ಐದು ಮಂದಿ ಹಿರಿಯರು ಹೆಬ್ಬೆಟ್ಟು ಒತ್ತಿದ್ದರು. ಕೋರ್ಟಿಗೂ ಹೋಗಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಉಡಿಕಿಯಾದವಳೆಂದು ಮದುವೆ ಮನೆಗಳಲ್ಲಿ ಚಿಗವ್ವನನ್ನು ಆರತಿಗೆ ಕರೆಯುತ್ತಿರಲಿಲ್ಲ. "ನಾ ಅಡಿಗಿಮನಿಯಾಗ ಇರ್ತೀನಿ ಬಿಡ್ರಿ, ಆರತಿ ತಟ್ಟಿಗಿಂತ ಅನ್ನದ ಬುಟ್ಟಿ ಛಲೋ," ಎಂದು ತಾನೇ ನಗುತ್ತಿದ್ದಳು. ಆ ನಗುವನ್ನು ನಾನು ನಂಬಿಬಿಟ್ಟಿದ್ದೆ.

ಗಂಡ ಎದೆನೋವಿನಿಂದ ಸ್ಟೇರಿಂಗ್ ಮುಂದೆಯೇ ತೀರಿಕೊಂಡ. ಡಿಪೋದವರು ದಾಖಲೆಯಲ್ಲಿದ್ದ ಮೊದಲ ಹೆಂಡತಿಗೆ ಸುದ್ದಿ ಮುಟ್ಟಿಸಿದರು, ಹೆಣ ಅಲ್ಲಿಗೇ ಹೋಯಿತು. ಚಿಗವ್ವ ಹಿರಿಯರ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಜೊತೆ ಹೊರಟಳು. ಅಷ್ಟೊತ್ತಿಗೆ ನಾನು ಟೀಚರಾಗಿದ್ದೆ. ಅಲ್ಲಿ ಮೊದಲ ಹೆಂಡತಿಯ ಅಣ್ಣ ಕಾಗದ ಓದಿ, "ಇದು ಕಾನೂನಿನಾಗೆ ನಡಿಯಲ್ಲಮ್ಮ. ಹೆಂಡ್ತಿ ಅಂದ್ರೆ ನಮ್ಮ ತಂಗೀನೇ," ಎಂದ. ಮೆತ್ತಗೇ ಹೇಳಿದ, ಪಾಪ. ಅಂಗಳದಲ್ಲಿ ಆ ತಂಗಿಯ ಬಳೆ ಒಡೆಯುತ್ತಿದ್ದರು.

ಯಾರೋ ಮುದುಕಿ ಚಿಗವ್ವನನ್ನು, "ನೀನು ಅವಗೆ ಏನಾಗಬೇಕವ್ವಾ?" ಎಂದು ಕೇಳಿದಳು.

"ನಾ ಅವರ ಓಣಿಯಾಕಿರಿ," ಎಂದಳು ಚಿಗವ್ವ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಹೊಲಿಗೆ ಬದಿಗಿಟ್ಟು, ಎರಡೂ ಕೈ ನನ್ನ ಮುಂದೆ ಚಾಚಿದಳು. ಹಸಿರು ಬಳೆಗಳು ಹಾಗೇ ಇದ್ದವು.

"ಮುಖಾನೂ ನೆಪ್ಪಿಲ್ಲದ ಗಂಡಗ ಹದಿನಾರಕ್ಕ ಒಡದ್ರು. ಇಪ್ಪತ್ತು ವರ್ಷ ಬಾಳೆ ಮಾಡಿದವಗ ಒಡಿಯಾಕ ಒಬ್ರೂ ಬರಲಿಲ್ಲ. ನೀನರ ಒಡಿಯವ್ವಾ."

ಎಂಥಾ ಜಾಣೆ ನಾನು! "ಇವೆಲ್ಲ ಮೂಢನಂಬಿಕಿ ಚಿಗವ್ವಾ, ಇರ್ಲಿ ಬಿಡು," ಎಂದು ಪಾಠ ಹೇಳಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಸೂಜಿಗೆ ದಾರ ಪೋಣಿಸಿದಳು. ಮತ್ತೆಂದೂ ಕೇಳಲಿಲ್ಲ. ಅವಳು ಅವನ ಹೆಂಡತಿಯಲ್ಲ ಎಂದವರ ಸಾಲಿನಲ್ಲಿ ನಾನೂ ನಿಂತಿದ್ದೆನೆಂದು ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹೋದ ವರ್ಷ ಚಿಗವ್ವ ಒಬ್ಬಳೇ ಮಲಗಿದಲ್ಲೇ ಹೋದಳು. ಮೈ ತೊಳೆಯಲು ಬಂದ ಬೇರೆ ಓಣಿಯ ಹೆಂಗಸು ಅವಳ ಕೈ ನೋಡಿ, "ಪುಣ್ಯವಂತಿ, ಮುತ್ತೈದಿಯಾಗಿ ಹೋಗ್ಯಾಳ. ಗಂಡನ್ನ ಕರೀರಿ," ಎಂದಳು.

"ಈಕಿ ಗಂಡ ತೀರಿ ನಾಕು ವರ್ಷಾತು," ಎಂದೆ.

ಹಿತ್ತಲಿನಿಂದ ಕಲ್ಲು ತಂದು, ಅವಳ ತಣ್ಣಗಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದನ್ನೂ ಬಿಡದೆ ಬಳೆ ಒಡೆದೆ.