ಲೀಡರ್ ಅಲ್ಲವೆಂಬ ಶಿಫಾರಸು

ಮೂಡಲಗಿಯ ಬಸ್ ನಿಲ್ದಾಣದ ಎದುರಿಗಿರುವ ಚಹಾದಂಗಡಿಯ ಮುಂದೆ ನಿಂತು ‘ಏ ಲೀಡರ್’ ಎಂದು ಒಮ್ಮೆ ಕೂಗಿ ನೋಡಿ. ಕಡಿಮೆಯೆಂದರೂ ನಾಲ್ಕು ತಲೆಗಳು ನಿಮ್ಮತ್ತ ತಿರುಗುತ್ತವೆ. ನಾಲ್ಕೂ ತಲೆಗಳ ಕೆಳಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಮಡಚಿಟ್ಟ ಕಪ್ಪು ಕನ್ನಡಕ, ಕಿವಿಗೆ ಅಂಟಿಕೊಂಡ ಫೋನು, ಕೇಳದಿದ್ದರೂ ಕೈಗೆ ಬಂದು ಸೇರುವ ಚಹಾ. ಇವರು ಯಾರನ್ನು, ಎಲ್ಲಿಂದ, ಎಲ್ಲಿಗೆ ಮುನ್ನಡೆಸುತ್ತಿದ್ದಾರೆಂದು ಮಾತ್ರ ಕೇಳಬೇಡಿ. ನಾನು ನೋಡಿದ ಮಟ್ಟಿಗೆ ಅವರು ಬೆಳಿಗ್ಗೆ ಎಲ್ಲಿ ನಿಂತಿರುತ್ತಾರೋ ಸಂಜೆಯೂ ಅಲ್ಲೇ ನಿಂತಿರುತ್ತಾರೆ.

ಈ ವರ್ಗದ ವರ್ಣನೆಗೆ ಕನ್ನಡದಲ್ಲಿ ಪದಗಳ ಬಡತನವೇನೂ ಇಲ್ಲ. ನಾಯಕ, ನೇತಾರ, ಮುಖಂಡ, ಧುರೀಣ ಎಂದು ಒಂದಕ್ಕಿಂತ ಒಂದು ಗಂಭೀರವಾಗಿವೆ. ಮುಖಂಡ ಎಂಬಲ್ಲಿ ಮೊದಲು ಕಾಣುವುದು ಮುಖ. ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿಯೂ ಹಾಗೆಯೇ. ಧುರೀಣ ಎಂದರೆ ಮೂಲದಲ್ಲಿ ನೊಗ ಹೊರುವ ಎತ್ತು ಎಂದು ನನಗೆ ಸಂಸ್ಕೃತ ಕಲಿಸಿದವರು ಹೇಳಿದ್ದರು. ಆ ಅರ್ಥವನ್ನು ಈಗಿನ ಧುರೀಣರಿಗೆ ತಿಳಿಸುವ ಧೈರ್ಯ ನನಗಿಲ್ಲ. ನಮ್ಮ ಬೆಳಗಾವಿ ಸೀಮೆಗೆ ಇಷ್ಟೂ ಸಾಲದೆ ಮರಾಠಿಯಿಂದ ‘ಪುಢಾರಿ’ಯನ್ನು ತಂದುಕೊಂಡಿದ್ದೇವೆ. ಪುಢೆ ಎಂದರೆ ಮುಂದೆ. ಮುಂದೆ ಹೋಗಿ ನಿಂತವನು ಪುಢಾರಿ, ಅಷ್ಟೇ. ಹುಕ್ಕೇರಿಯ ನಮ್ಮ ತವರುಮನೆಯಲ್ಲಿ ಅದು ಬೈಗುಳ. ಹಿರಿಯರ ನಡುವೆ ನಾನು ಬಾಯಿ ಹಾಕಿದಾಗಲೆಲ್ಲ ಅವ್ವ ‘ಭಾಳ ಪುಢಾರ್ಕಿ ಮಾಡಬ್ಯಾಡ’ ಎಂದು ಗದರುತ್ತಿದ್ದಳು, ನಾನು ಬಾಯಿ ಮುಚ್ಚುತ್ತಿದ್ದೆ. ಹೀಗೆ ಬಾಯಿ ಮುಚ್ಚುವ ವಿದ್ಯೆಯಲ್ಲಿ ಪಾರಂಗತಳಾಗಿ ಮೂವತ್ತೇಳು ವರ್ಷಗಳನ್ನು ಕಳೆದ ನಾನು, ವಿದೇಶದ ಒಂದು ವರ್ಷದ ಎಂಬಿಎಗೆ ಅರ್ಜಿ ಹಾಕಲು ಹೊರಟೆ.

ಯಾಕೆಂದು ಕೇಳುತ್ತೀರಿ. ನಾನು ಗೋಕಾಕದಲ್ಲಿದ್ದುಕೊಂಡು ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಾರ ಹೊಲದ ಕಬ್ಬು ಯಾವಾಗ ಕಡಿಯಬೇಕೆಂಬ ಪಾಳಿಯನ್ನು, ಅಂದರೆ ಸರದಿಯನ್ನು, ನಾಟಿಯ ತಾರೀಖು ನೋಡಿ ಹಚ್ಚುವುದು ನನ್ನ ಕೆಲಸ. ನಮ್ಮ ವಿಭಾಗದ ಮುಖ್ಯಸ್ಥರ ಖುರ್ಚಿ ಖಾಲಿಯಾದಾಗಲೆಲ್ಲ ಹೊರಗಿನಿಂದ ಒಬ್ಬ ಎಂಬಿಎ ಬಂದು ಕೂರುತ್ತಾನೆ. ದೂರದಿಂದ ಕಬ್ಬು ಯಾವುದು, ಗೋವಿನಜೋಳ ಯಾವುದು ಎಂದು ಹೇಳಲಾರದ ಅವನಿಗೆ ನಾನೇ ಹೊಲ ತೋರಿಸಿ, ನಾನೇ ಕೆಲಸ ಕಲಿಸಿ, ಕೊನೆಗೆ ನಾನೇ ‘ಸರ್’ ಅನ್ನಬೇಕು. ಮೂರನೆಯವನು ಬಂದು ಕೂತ ದಿನ ನನ್ನ ಹೊಟ್ಟೆ ನಿಜಕ್ಕೂ ಉರಿಯಿತು. ಆ ಖುರ್ಚಿ ನನಗೆ ಬೇಕಿತ್ತು. ಅದಕ್ಕೆ ಬೇಕಾದ ಮೂರಕ್ಷರ ನಮ್ಮ ಊರಿನಲ್ಲಿ ಸಿಗುವುದಾದರೂ, ಊರಿನ ಮೂರಕ್ಷರಕ್ಕೆ ಖುರ್ಚಿ ಬಗ್ಗುವುದಿಲ್ಲ. ಎರಡು ವರ್ಷ ನೌಕರಿ ಬಿಟ್ಟು ಕೂರುವ ವಯಸ್ಸಲ್ಲ, ಒಂದು ವರ್ಷವಾದರೆ ಹೇಗೋ ನಡೆದೀತು ಎಂದುಕೊಂಡೆ. ಮನೆಯವರು ಧಾರಾಳವಾಗಿ ‘ಹೋಗು’ ಎಂದರು. ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಆಮೇಲೆ ಕೇಳಿದರು.

ಅವ್ವನಿಗೆ ಮಾತ್ರ ಇದು ಬಗೆಹರಿಯಲಿಲ್ಲ. ನಮ್ಮ ಕಡೆ ಶಾಲೆಗೆ ಸಾಲಿ ಎನ್ನುತ್ತೇವೆ. ಮಗಳು ಈ ವಯಸ್ಸಿನಲ್ಲಿ ಸಾಲಿಗೆ ಹೋಗುತ್ತಾಳೆ ಎಂದರೆ ಅವಳ ಕಿವಿಗೆ ಅದು ಸಾಲ ಎಂದು ಕೇಳಿಸಿರಬೇಕು. ಪೂರ್ತಿ ತಪ್ಪಾಗಿಯೂ ಕೇಳಿಸಿರಲಿಲ್ಲ.

ಈಗಿನ ಕಾಲದಲ್ಲಿ ಅರ್ಜಿ ಹಾಕುವ ಮುಂಚೆ ‘ಚಾನ್ಸ್’ ನೋಡಿಸಬೇಕಂತೆ. ಹಿಂದೆ ಜಾತಕ ಹಿಡಿದು ಹೋಗುತ್ತಿದ್ದೆವು, ಈಗ ಪ್ರೊಫೈಲ್ ಹಿಡಿದು ಹೋಗುತ್ತೇವೆ. ಅಂತರ್ಜಾಲದಲ್ಲಿ ಇದಕ್ಕೆಂದೇ ಕಟ್ಟೆಗಳಿವೆ. ಅಲ್ಲಿ ತಮ್ಮ ವಯಸ್ಸು, ಪರೀಕ್ಷೆಯ ಅಂಕ, ಪಗಾರ, ನೌಕರಿಯ ವರ್ಷ ಎಲ್ಲವನ್ನೂ ಹರವಿಟ್ಟು, ಹೆಸರನ್ನು ಮಾತ್ರ ಮುಚ್ಚಿಟ್ಟುಕೊಂಡು, ಜನ ‘ನನ್ನ ಚಾನ್ಸ್ ಎಷ್ಟು?’ ಎಂದು ಅಪರಿಚಿತರನ್ನು ಕೇಳುತ್ತಾರೆ. ಉತ್ತರಿಸುವವರು ಯಾರು ಎಂದಿರಿ? ಅದೇ ಶಾಲೆಗೆ ಅರ್ಜಿ ಹಾಕಿ, ತಮ್ಮ ಚಾನ್ಸ್ ಎಷ್ಟೆಂದು ಪಕ್ಕದ ಕಟ್ಟೆಯಲ್ಲಿ ಕೇಳುತ್ತಿರುವವರು! ಕುರುಡರು ಕುರುಡರ ಕಣ್ಣು ಪರೀಕ್ಷಿಸುವ ಈ ಶಿಬಿರದಲ್ಲಿ ನಾನೂ ಒಂದು ಸಂಜೆ ಸಾಲಿನಲ್ಲಿ ನಿಂತೆ. ‘ಸಕ್ಕರೆ ಕಾರ್ಖಾನೆ? ಇಂಟರೆಸ್ಟಿಂಗ್’ ಎಂದು ಒಬ್ಬ ಬರೆದ. ಇನ್ನೊಬ್ಬ, ವಯಸ್ಸು ಹೆಚ್ಚಾಯಿತು, ಆದರೆ ಹಳ್ಳಿಯ ಹೆಂಗಸಾದ್ದರಿಂದ ವೈವಿಧ್ಯದ ಲೆಕ್ಕದಲ್ಲಿ ತೇಲಬಹುದು ಎಂದ. ಗೋಕಾಕದವಳನ್ನು ಹಳ್ಳಿಯವಳೆಂದ ಅವನ ಊರು ಯಾವುದೋ ತಿಳಿಯಲಿಲ್ಲ, ತಿಳಿದಿದ್ದರೆ ನಾನೂ ಒಂದು ಮಾತು ಅಂದೇ ತೀರುತ್ತಿದ್ದೆ.

ಅಲ್ಲಿಗೂ ಬುದ್ಧಿ ಬರದೆ ಪುಣೆಯ ಒಬ್ಬ ಸಲಹೆಗಾರನಿಗೆ ದುಡ್ಡು ತೆತ್ತೆ. ಪರದೆಯ ಮೇಲೆ ಕಾಣಿಸಿಕೊಂಡ ಆ ಎಳೆಯ ಹುಡುಗ, ಯುರೋಪಿನ ಶಾಲೆಗಳನ್ನು ಕನಸಿನವು, ಗುರಿಯವು, ಸುರಕ್ಷಿತವಾದವು ಎಂದು ಮೂರು ರಾಶಿ ಮಾಡಿ, ಪ್ರತಿಯೊಂದರಲ್ಲೂ ನನಗೆಷ್ಟು ಅವಕಾಶವೆಂದು ದಶಮಾಂಶ ಸಮೇತ ಹೇಳಿದ. ನಮ್ಮ ಕಾರ್ಖಾನೆಯ ಪ್ರಯೋಗಾಲಯದವರೂ ಕಬ್ಬನ್ನು ಹಿಂಡಿ ರಸ ತೆಗೆದ ಮೇಲೆಯೇ ದಶಮಾಂಶದ ಮಾತಾಡುತ್ತಾರೆ; ಈತ ನನ್ನನ್ನು ಮುಟ್ಟದೆಯೇ ಹಿಂಡಿದ್ದ. ಅಂಕ ಪರವಾಗಿಲ್ಲ, ಅನುಭವ ಪರವಾಗಿಲ್ಲ, ಆದರೆ ಲೀಡರ್‌ಶಿಪ್ಪಿನ ಕಥೆಗಳೆಲ್ಲಿ ಎಂದು ಕೇಳಿದ. ಇಲ್ಲವೆಂದೆ. ನಾಲ್ಕು ಹೆಂಗಸರನ್ನು ಕೂಡಿಸಿ ಒಂದು ಸಂಸ್ಥೆ ಹುಟ್ಟುಹಾಕಿ, ಫೋಟೋ ತೆಗೆಸಿಕೊಳ್ಳಿ, ಅರ್ಜಿ ಕಳಿಸಿದ ಮೇಲೆ ಮುಚ್ಚಿದರಾಯಿತು ಎಂದ. ಅವನಿಗೆ ನಮ್ಮ ಚಹಾದಂಗಡಿಯ ಎದುರು ಉಜ್ಜ್ವಲ ಭವಿಷ್ಯವಿದೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಬಾಯಿ ಮುಚ್ಚುವ ವಿದ್ಯೆ ನೋಡಿ.

ಸಂಸ್ಥೆ ಹುಟ್ಟಲಿಲ್ಲ. ನಾನು ಒಂದೇ ಶಾಲೆಗೆ, ಅದೂ ಅವನ ಕನಸಿನ ರಾಶಿಯಲ್ಲಿದ್ದುದಕ್ಕೆ, ಹಟ ಹಿಡಿದು ಅರ್ಜಿ ಹಾಕಿದೆ. ಮೇಲಧಿಕಾರಿಯ ಶಿಫಾರಸು ಬೇಕಿತ್ತು. ನಮ್ಮ ಜನರಲ್ ಮ್ಯಾನೇಜರ್ ದೇಸಾಯಿ ಸಾಹೇಬರು ನಿವೃತ್ತಿಯ ಅಂಚಿಗೆ ಬಂದ, ಮಾತು ಕಡಿಮೆಯ ಮನುಷ್ಯ. ಕಾರ್ಖಾನೆಯ ಬಾಗಿಲಲ್ಲಿ ಬಿಳಿ ಅಂಗಿ ಕಂಡರೆ ಅವರ ರಕ್ತದೊತ್ತಡ ಏರುತ್ತದೆ. ಶಾಲೆಯವರು ಅವರಿಗೆ ನೇರವಾಗಿ ಪ್ರಶ್ನೆಗಳನ್ನು ಕಳಿಸಿದರು. ಉತ್ತರ ಬರೆದು ಗುಂಡಿ ಒತ್ತಿದರೆ ಮುಗಿಯಿತು, ತಿದ್ದುವಂತಿಲ್ಲ. ಅವರು ಒತ್ತಿದ ಮೇಲೆ ನನ್ನನ್ನು ಕರೆಸಿ, ಪರೀಕ್ಷೆಯಲ್ಲಿ ನನ್ನನ್ನು ತಾವೇ ಪಾಸು ಮಾಡಿಸಿದವರಂತೆ ತೃಪ್ತಿಯಿಂದ ನೋಡಿದರು.

“ನಿಮ್ಮನ್ನ ಲೀಡರ್ ಅಂತ ಬರೀರಿ ಅಂತಾರ. ಅಂಥಾ ಮಾತು ನಾ ಹೆಂಗ ಬರೀಲ್ರಿ ಮೇಡಂ? ಒಳ್ಳೆ ಮನಿತನದವ್ರು ನೀವು,” ಎಂದರು. “ಇವರು ಲೀಡರ್ ಅಲ್ಲ ಅಂತ ಬರದೇನಿ. ಲೀಡರ್ ಅಂದ್ರ ಪಾಳಿ ಮುರಿಯಾಂವ, ಇವರು ಪಾಳಿ ಕಾಯಾವ್ರು ಅಂತ, ಇಂಗ್ಲೀಷಿನಾಗ.”

ಪ್ರಪಂಚದ ಯಾವ ಮೂಲೆಯಲ್ಲಿಯೂ, ಯಾವ ಶತ್ರುವೂ, ಎಂಬಿಎ ಶಾಲೆಗೆ ಇದಕ್ಕಿಂತ ಮಾರಕವಾದ ವಾಕ್ಯ ಬರೆದಿರಲಾರ. ಅದೂ ಕಕ್ಕುಲಾತಿಯಿಂದ! ಬೈಯೋಣವೆಂದರೆ ಆ ಮುಖ ನೋಡಿ ಬಾಯಿ ಬರಲಿಲ್ಲ. ‘ಥ್ಯಾಂಕ್ಸ್ ರೀ ಸರ್’ ಎಂದು ಹೇಳಿ, ಹೊರಗೆ ಬಂದು ತೂಕದ ಕಾಟಾದ ಮರೆಯಲ್ಲಿ ನಿಂತು ಅತ್ತೆ. ದಶಮಾಂಶದಲ್ಲಿ ಉಳಿದಿದ್ದ ನನ್ನ ಚಾನ್ಸ್ ಈಗ ಸೊನ್ನೆಗೆ ಬಂತೆಂದುಕೊಂಡೆ. ಗೋಕಾಕದ ಬಸ್ಸಿನಲ್ಲಿ ಮನೆಗೆ ಹೋಗುವವರೆಗೂ ಸಾಹೇಬರನ್ನು, ನಮ್ಮ ಸೀಮೆಯ ಪುಢಾರಿಗಳನ್ನು, ಒಂದು ಒಳ್ಳೆಯ ಪದವನ್ನು ಇಷ್ಟು ಕೊಳೆ ಮಾಡಿಟ್ಟ ಸಕಲರನ್ನೂ ಮನಸ್ಸಿನಲ್ಲೇ ಶಪಿಸಿದೆ.

ಆದರೂ ಸಂದರ್ಶನಕ್ಕೆ ಕರೆ ಬಂತು. ಕರೆಂಟಿನ ಮೇಲೆ ನಂಬಿಕೆಯಿಲ್ಲದೆ ಇನ್ವರ್ಟರಿಗೆ ನೀರು ಹಾಕಿಸಿ, ಮನೆಯವರನ್ನು ಹೊರಗಟ್ಟಿ, ಪರದೆಯ ಮುಂದೆ ಕೂತೆ. ಆ ಕಡೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಪೀಠಿಕೆಯಿಲ್ಲದೆ, ನಿಮ್ಮ ಮೇಲಧಿಕಾರಿ ನಿಮ್ಮನ್ನು ಲೀಡರ್ ಅಲ್ಲ ಎಂದಿದ್ದಾರೆ, ಪಾಳಿ ಕಾಯುವವರು ಎಂದಿದ್ದಾರೆ, ಏನಿದು ಪಾಳಿ ಎಂದು ಕೇಳಿದಳು. ಉರುಹೊಡೆದಿದ್ದ ಉತ್ತರಗಳೆಲ್ಲ ಮರೆತುಹೋದವು. ಮರೆತದ್ದೇ ಒಳ್ಳೆಯದಾಯಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಹಿಂದಿನ ಹಂಗಾಮಿನಲ್ಲಿ ಮೇಲವಂಕಿಯ ಕಲ್ಲಪ್ಪಣ್ಣ ಎಂಬ ಮುಖಂಡರು, ತಡವಾಗಿ ನಾಟಿ ಮಾಡಿದ ತಮ್ಮ ಕಬ್ಬನ್ನು ಎಲ್ಲರಿಗಿಂತ ಮೊದಲು ಕಡಿಸಲು ಬಂದಿದ್ದರು. ಪಾಳಿಯಲ್ಲಿ ಅವರಿಗಿಂತ ಮುಂದಿದ್ದವರೆಲ್ಲ ಅರ್ಧ ಎಕರೆ, ಒಂದು ಎಕರೆಯವರು. ಈ ಸಣ್ಣ ರೈತರ ಕಬ್ಬು ಹೊಲದಲ್ಲೇ ನಿಂತು ಒಣಗಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಕೇಳುವವರಿಲ್ಲ. ನಮ್ಮ ಎಂಬಿಎ ಸರ್ ‘ಮಾಡಿಕೊಡಿ’ ಎಂದರು. ನಾನು ಆಗುವುದಿಲ್ಲ ಎಂದೆ. ಕಲ್ಲಪ್ಪಣ್ಣ ಕೂಗಾಡಿದರು, ಗೇಟಿಗೆ ಟ್ರ್ಯಾಕ್ಟರ್ ಅಡ್ಡ ಹಚ್ಚಿಸಿದರು, ನನ್ನ ವರ್ಗಾವಣೆಯ ಮಾತಾಡಿದರು. ನಾನು ಅವರ ಮುಂದೆ ಭಾಷಣ ಮಾಡಲಿಲ್ಲ; ನಾಟಿಯ ತಾರೀಖಿನ ಪಟ್ಟಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟುಕೊಂಡು ‘ಪಾಳಿ ಬಂದಾಗ ಬರ್ತೈತ್ರಿ’ ಎಂದಷ್ಟೇ ಹೇಳುತ್ತ ಕೂತಿದ್ದೆ. ದೇಸಾಯಿ ಸಾಹೇಬರು ಆ ದಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿ, ಒಂದು ಮಾತೂ ಆಡದೆ ಹೋಗಿದ್ದರು. ಸಾಹೇಬರು ಆಗ ಆಡದ ಮಾತನ್ನೇ ಈಗ ಬರೆದು ಕಳಿಸಿದ್ದರೆಂಬುದು, ಇದನ್ನೆಲ್ಲ ಆ ಪರದೇಶದ ಹೆಂಗಸಿಗೆ ಹೇಳುತ್ತಿರುವಾಗಲೇ ನನಗೆ ಹೊಳೆಯಿತು. ಆಕೆ ನಗಲಿಲ್ಲ, ಏನನ್ನೋ ಬರೆದುಕೊಂಡಳು. ಪುಢಾರಿ ಮುಂದೆ ನಿಲ್ಲುತ್ತಾನೆ, ಧುರೀಣ ನೊಗ ಹೊರುತ್ತಾನೆ ಎಂದು ವ್ಯುತ್ಪತ್ತಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಮಯ ಮುಗಿದಿತ್ತು, ಆಕೆಯ ಪುಣ್ಯ.

ಫಲಿತಾಂಶ ಬಂದಾಗ ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು. ಆಯ್ಕೆಯಾಗಿಲ್ಲ, ತಿರಸ್ಕೃತಳೂ ಅಲ್ಲ, ವೇಟಿಂಗ್ ಲಿಸ್ಟು! ಊರೆಲ್ಲರ ಪಾಳಿ ಹಚ್ಚುವವಳನ್ನು ಅವರು ಪಾಳಿಗೆ ಹಚ್ಚಿದ್ದರು. ಮುಂದಿರುವವರು ಯಾರಾದರೂ ಬಿಟ್ಟರೆ ನನಗೆ ಸೀಟು. ಅಂದಿನಿಂದ ಮುಖ ಕಾಣದ ಆ ಜನರ ಮದುವೆ, ಬಸಿರು, ಬಡ್ತಿಗಳಿಗಾಗಿ ನಾನು ಹಾರೈಸದ ದಿನವಿಲ್ಲ. ನಾನೆಷ್ಟು ಸಣ್ಣ ಮನಸ್ಸಿನವಳಾಗಬಹುದು ಎಂಬುದನ್ನು ಯಾವ ಸಲಹೆಗಾರನೂ ನನಗೆ ಹೇಳಿರಲಿಲ್ಲ.

ಹೀಗಿರುವಾಗ ಕಳೆದ ವಾರ ಮೂಡಲಗಿಯ ಆ ಚಹಾದಂಗಡಿಯ ಮುಂದೆ ಬಸ್ಸಿಗಾಗಿ ನಿಂತಿದ್ದೆ. ಕಲ್ಲಪ್ಪಣ್ಣನವರು ಬಿಳಿ ಅಂಗಿಯಲ್ಲಿ ಸಾಕ್ಷಾತ್ ಪ್ರತ್ಯಕ್ಷರಾದರು. ನಮ್ಮಲ್ಲಿ ಸುದ್ದಿಗೆ ಪಾಳಿಯಿಲ್ಲ, ಅವರಿಗೆ ಎಲ್ಲವೂ ತಿಳಿದಿತ್ತು. ಹಳೆಯದನ್ನೆಲ್ಲ ಮರೆತವರಂತೆ ಚಹಾ ತರಿಸಿಕೊಟ್ಟು, ದನಿ ತಗ್ಗಿಸಿದರು.

“ನಮ್ಮ ಅಳಿಯಾ ಅದೇ ಸಾಲ್ಯಾಗ ಕಲತಾನ್ರಿ. ಈಗೂ ಅಲ್ಲೆ ಅವನ ಮಾತು ನಡೀತೈತಿ. ಒಂದ್ ಫೋನ್ ಮಾಡಿಸ್ಲೇನು?”

ನೀವು ನನ್ನಿಂದ ತಟ್ಟನೆ ಒಂದು ಉದಾತ್ತ ಉತ್ತರ ನಿರೀಕ್ಷಿಸುತ್ತಿದ್ದರೆ ಕ್ಷಮಿಸಿ. ನಾನು ಮೊದಲು ಚಹಾ ಪೂರ್ತಿ ಕುಡಿದೆ. ಆ ಖುರ್ಚಿ ಕಣ್ಣ ಮುಂದೆ ಬಂತು, ಅದರಲ್ಲಿ ಕೂತ ನಾನೂ ಬಂದೆ. ಆಮೇಲೆ ಅದೇ ಖುರ್ಚಿಯ ಎದುರು ಈ ಕಲ್ಲಪ್ಪಣ್ಣ ಮುಂದೊಂದು ಹಂಗಾಮಿನಲ್ಲಿ ಬಂದು ನಿಂತದ್ದೂ ಕಾಣಿಸಿತು. ಆಗ ನಾನು ಏನೆಂದು ಹೇಳಲಿ? ಕಪ್ಪು ಕೆಳಗಿಟ್ಟೆ.

“ಬ್ಯಾಡ್ರಿ ಅಣ್ಣಾರ,” ಎಂದೆ. “ನನ್ನ ಪಾಳಿ ಬಂದಾಗ ಬರ್ಲಿ.”

“ಆ ಊರಾಗೂ ಪಾಳಿ ಐತೇನ್ರಿ?” ಎಂದು ಅವರು ನಿಜವಾದ ಬೆರಗಿನಿಂದ ಕೇಳಿದರು. ಬಸ್ಸು ಬಂತು. ಗೋಕಾಕ ಮುಟ್ಟುವವರೆಗೂ ನಾನು ನನ್ನನ್ನೇ ಬೈದುಕೊಂಡೆ, ಅದನ್ನೂ ಹೇಳಿಬಿಡುತ್ತೇನೆ. ನನ್ನ ಚಾನ್ಸ್ ಎಷ್ಟೆಂದು ಈಗಲೂ ಗೊತ್ತಿಲ್ಲ; ಪುಣೆಯ ಎಳೆಯನನ್ನು ಕೇಳುವ ಆಸೆಯೂ ಇಲ್ಲ.

ಆದರೆ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾಗ ನಡೆದ ಒಂದು ಸಂಗತಿ ಉಳಿದಿದೆ. ಹಿಂದಿನಿಂದ ಯಾರೋ ‘ಏ ಲೀಡರ್’ ಎಂದು ಕೂಗಿದರು. ಎಂದಿನಂತೆ ನಾಲ್ಕು ತಲೆಗಳು ತಿರುಗಿದವು. ಐದನೆಯದು ನನ್ನದು.