ಪಿಳ್ಳಮ್ಮನ ಕತೆಗೆ ಸಾಲದ ದಾರಿ

ನಲ್ಲೂರಿನ ಪಿಳ್ಳಮ್ಮನ ಪಕ್ಕ ಕೂತವರು ಕತೆ ಕೇಳದೆ ಬಸ್ಸಿಳಿದದ್ದಿಲ್ಲ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ ಮುಟ್ಟುವಷ್ಟರಲ್ಲಿ ಓರಗಿತ್ತಿಯ ಜಗಳ ಮುಗಿಯುತ್ತಿತ್ತು. ಘಾಟಿಯವರೆಗೆ ಹೋದರೆ ರಾಜಿಯೂ ಆಗುತ್ತಿತ್ತು. ಆದರೆ ತನ್ನ ಮದುವೆಯ ಕತೆಯನ್ನು ಪೂರ್ತಿ ಹೇಳುವಷ್ಟು ಉದ್ದದ ದಾರಿ ಅವಳಿಗೆ ಸಿಕ್ಕಿರಲೇ ಇಲ್ಲ.

ಹಾಗಾಗಿ, ಮೊಮ್ಮಗುವಿನ ನಾಮಕರಣಕ್ಕೆ ಗುವಾಹಟಿಗೆ ಬನ್ನಿ ಎಂದು ಅಳಿಯ ಸುನಿಲ್‌ಕುಮಾರ್ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ ಮಾತು.

"ಎಷ್ಟು ದೂರ ಆಯ್ತದಪ್ಪಾ?"

"ಎರಡು ಸಾವಿರ ಕಿಲೋಮೀಟರಿಗೂ ಮೇಲೆ ಅತ್ತೆ."

ಪಿಳ್ಳಮ್ಮ ಹಿಗ್ಗಿಹೋದಳು. ಎಷ್ಟು ಹೊತ್ತಿನ ದಾರಿ ಎಂದು ಕೇಳುವುದೇ ಮರೆಯಿತು. ವಿಮಾನವಾದರೇನು, ಅಷ್ಟು ದೂರಕ್ಕೆ ಹೊತ್ತು ಮುಳುಗುವವರೆಗಾದರೂ ಬೇಕಲ್ಲ ಎಂದುಕೊಂಡು ಎರಡು ಹೊತ್ತಿಗಾಗುವಷ್ಟು ಪುಳಿಯೋಗರೆ ಕಟ್ಟಿಕೊಂಡಳು.

ಕಿಟಕಿ ಪಕ್ಕ ಕೂತ ಗಂಡ ವೆಂಕಟರಾಯಪ್ಪ ವಿಮಾನ ಏಳುವ ಮೊದಲೇ ಕಣ್ಣು ಮುಚ್ಚಿದ. ಇನ್ನೊಂದು ಪಕ್ಕದಲ್ಲಿದ್ದವಳು ದೊಡ್ಡಬಳ್ಳಾಪುರದಲ್ಲಿ ಮಗ್ಗ ಇಟ್ಟಿದ್ದ ಪ್ರಮೋದಾ. ಅಸ್ಸಾಮಿನ ರೇಷ್ಮೆ ನೂಲು ನೋಡಲು ಹೊರಟಿದ್ದಳು. ದಾರಿ ದೂರವಿದೆಯೆಂದು ಪಿಳ್ಳಮ್ಮ ನಿಧಾನವಾಗಿ, ತನ್ನ ತಾತ ಬಾವಿ ತೋಡಿಸಿದಲ್ಲಿಂದಲೇ ಶುರು ಮಾಡಿದಳು. ಬಾವಿ ಮುಗಿದು, ಸೋದರತ್ತೆಯರ ಮುನಿಸು ಕಳೆದು, ಕೊನೆಗೂ ಹೆಣ್ಣಿನ ದಿಬ್ಬಣ ನಲ್ಲೂರು ತಲುಪಿತು.

"ಚಪ್ಪರದಲ್ಲಿ ನೋಡ್ತೀವಿ, ಗಂಡೇ ಇಲ್ಲ. ನಮ್ಮಪ್ಪ ಗಾಡಿ ತಿರುಗ್ಸಿ ಅಂದ್ಬಿಟ್ರು."

"ಆಮೇಲೆ?" ಪ್ರಮೋದಾ ಪುಳಿಯೋಗರೆ ತಿನ್ನುವುದನ್ನೇ ನಿಲ್ಲಿಸಿದಳು.

ಅಷ್ಟರಲ್ಲಿ ವಿಮಾನ ಇಳಿಯುತ್ತಿದೆ, ಬೆಲ್ಟ್ ಹಾಕಿಕೊಳ್ಳಿ ಎಂಬ ಸೂಚನೆ ಬಂತು. ಹೊರಟು ಮೂರು ಗಂಟೆ ಆಗಿತ್ತಷ್ಟೆ. ಪಿಳ್ಳಮ್ಮನಿಗೆ ಯಾರೋ ಮೋಸ ಮಾಡಿದಂತಾಯಿತು.

"ಗಂಡು ಎಲ್ಲೋಗಿದ್ರು ಹೇಳಿಬಿಡಿ ಅಮ್ಮ," ಪ್ರಮೋದಾ ಅಂಗಲಾಚಿದಳು.

"ಇರು ತಾಯಿ. ಅದಕ್ಕೆ ಮುಂಚೆ ಹಿಂದಿನ ರಾತ್ರಿ ನೆಂಟರು ಬಂದಿದ್ದು ಹೇಳ್ಬೇಕು."

ಆಗ ವೆಂಕಟರಾಯಪ್ಪ ಕಣ್ಣು ತೆರೆದ. "ಹುಣಸೆ ತೋಪಲ್ಲಿ ಮಲಗ್ಬಿಟ್ಟಿದ್ದೆ ಕಣಮ್ಮ," ಎಂದ.

ಪಿಳ್ಳಮ್ಮನ ಮುಖ ಸಪ್ಪಗಾಯಿತು. ಇಷ್ಟು ವರ್ಷದಿಂದ ಜೋಪಾನ ಮಾಡಿದ ಕತೆಯನ್ನು ಈ ಮನುಷ್ಯ ಒಂದೇ ಉಸಿರಿಗೆ ಮುಗಿಸಿಬಿಟ್ಟಿದ್ದ. ವಿಮಾನ ನಿಂತರೂ ಅವಳು ಏಳಲಿಲ್ಲ.

ಪ್ರಮೋದಾ ಇಬ್ಬರ ಮುಖವನ್ನೂ ನೋಡಿದಳು. "ಅಯ್ಯೋ, ಗಂಡು ಇವ್ರೇನಾ? ಮದುವೆ ದಿನ ತೋಪಲ್ಲಿ ಯಾಕಮ್ಮ ಮಲಗಿದ್ರು?"

ಪಿಳ್ಳಮ್ಮನ ಕಣ್ಣು ಅರಳಿತು. "ಹಂಗೆ ಕೇಳು ಮತ್ತೆ. ದಿಬ್ಬಣಕ್ಕೆ ಮುಂಚೆ, ಹಿಂದಿನ ರಾತ್ರಿನೇ ಬಂದಿದ್ದ ನಮ್ಮ ಕಡೆಯೋರಿಗೆ ತನ್ನ ಚಾಪೆ, ಕಂಬಳಿ ಎಲ್ಲ ಕೊಟ್ಟು, ತಾನು ಮರದ ಬುಡಕ್ಕೆ ಹೋಗಿ ಬಿದ್ಕಂಡಿತ್ತು ಪುಣ್ಯಾತ್ಮ, ಬೆಳಗಾದ್ರೂ ಎಚ್ಚರಾನೇ ಆಗಿಲ್ಲ. ಅದು ಕಿವಿಗೆ ಬಿದ್ದ ಮೇಲೆ, ಗಾಡಿ ಹತ್ತಲ್ಲ ಅಂತ ನಾನೇ ನಿಂತ್ಬಿಟ್ಟೆ. ನಮ್ಮಪ್ಪಂಗೆ ಎಂಥ ಕೋಪ ಅಂತೀಯಾ!"

ವೆಂಕಟರಾಯಪ್ಪ ಕಿಟಕಿಯತ್ತ ತಿರುಗಿಕೊಂಡ. ಕಿವಿ ಕೆಂಪಾಗಿತ್ತು.

ಆ ಕೋಪ ಹೇಗೆ ಇಳಿಯಿತೆಂಬುದು ವಿಮಾನದಲ್ಲೂ ಮುಗಿಯಲಿಲ್ಲ, ಲಗೇಜು ಬರುವಲ್ಲಿಯೂ ಮುಗಿಯಲಿಲ್ಲ. ಹೊರಗೆ ಕಾಯುತ್ತಿದ್ದ ಸುನಿಲ್‌ಕುಮಾರನಿಂದ ವಿಳಾಸ ಬರೆಸಿಕೊಂಡ ಪ್ರಮೋದಾ, ಮಾರನೆಯ ದಿನ ಕೂಸಿಗೊಂದು ರೇಷ್ಮೆ ಬಟ್ಟೆ ಹಿಡಿದು ನಾಮಕರಣಕ್ಕೇ ಬಂದಳು. ಊಟವಾದ ಮೇಲೆ ಪಿಳ್ಳಮ್ಮ ಅವಳ ಪಕ್ಕ ಕಾಲು ಚಾಚಿ ಕೂತಳು. ವೆಂಕಟರಾಯಪ್ಪ ಮಗುವನ್ನೆತ್ತಿಕೊಂಡು ಮೆಲ್ಲಗೆ ಅಂಗಳಕ್ಕಿಳಿದ.