ಅಕ್ಕನ ಮೂಳೆಯಲ್ಲಿ ವಸ್ತಿ

ಸೊಕ್ಕೆಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ ಜೋಳದ ರೊಟ್ಟಿ ಸುಡುವ ವಾಸನೆ ಬರುತ್ತಿದೆ. ಈ ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮ ವಂಶದಲ್ಲೇ ದೊಡ್ಡ ಪುಕ್ಕಲನಾದ ನಾನು ಒಮ್ಮೆ ಮಹಾದಾನಿಯ ವೇಷ ಹಾಕಿದ್ದು ನೆನಪಾಗುತ್ತದೆ.

ಮೊದಲೇ ನನ್ನ ಗುಣ ಹೇಳಿಬಿಡುತ್ತೇನೆ, ನೀವು ಹೇಗೂ ಕಂಡುಹಿಡಿಯುತ್ತೀರಿ. ದಿಂಬು ಬದಲಾದರೆ ನನಗೆ ನಿದ್ದೆ ಬಾರದು, ನೀರು ಬದಲಾದರೆ ಹೊಟ್ಟೆ ಕೇಳದು. ಸೂಳೆಕೆರೆ ನೀರಿನ ಅನ್ನ ಉಂಡು ಬೆಳೆದ ಗರ್ವ ಬೇರೆ. ಅಕ್ಕನನ್ನು ಈ ಊರಿಗೆ ಕೊಟ್ಟು ಎಷ್ಟೋ ವರ್ಷವಾಗಿದ್ದರೂ ಒಂದು ರಾತ್ರಿ ಇಲ್ಲಿ ತಂಗಿದವನಲ್ಲ. ಉಡಿ ತುಂಬುವ ಸೀರೆ ಕೊಟ್ಟು, ಉಂಡು, ಏನಾದರೊಂದು ನೆಪ ತೆಗೆದು ಸಂಜೆ ಬಸ್ಸು ಹತ್ತಿಬಿಡುತ್ತಿದ್ದೆ. ಅಕ್ಕ ಬೈದು ಬೈದು ಸಾಕಾಗಿ ಸುಮ್ಮನಾಗಿದ್ದಳು.

ಆಮೇಲೆ ಅವಳ ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿತು. ಒಸಡಿನಲ್ಲಿ ರಕ್ತ, ಮೈಮೇಲೆಲ್ಲ ನೀಲಿ ಕಲೆ. ಹೊಂದಿಕೆಯಾಗುವವರ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶ ಸಿಕ್ಕರೆ ಮಾತ್ರ ಉಳಿದಾಳು ಎಂದರು ಡಾಕ್ಟರು. ಹೊಂದಿದ್ದು ನನ್ನದೇ.

ನಮ್ಮೂರು ಚನ್ನಗಿರಿಯಲ್ಲಿ ನಾನು ಅಕ್ಕನಿಗೆ ಮೂಳೆ ಕೊಡುತ್ತೇನೆಂದು ಸುದ್ದಿಯಾಯಿತು. ನಾನು ತಿದ್ದಲಿಲ್ಲ. ಪಕ್ಕದ ಮನೆಯ ಮೆಹಬೂಬಿ ಚಾಚಿ ಮೂಳೆ ಗಟ್ಟಿಯಾಗಲೆಂದು ದಿನವೂ ಕಾಲುಸೂಪು ಕಳಿಸಿದರು. ಹುತಾತ್ಮನ ಮುಖ ಮಾಡಿ ಕುಡಿದೆ. ನಿಜ ಹೇಳಬೇಕೆಂದರೆ ನನಗೆ ಯಾರೂ ಚಾಕು ತೋರಿಸಲಿಲ್ಲ. ಕೆಲವು ದಿನ ಸೂಜಿ ಚುಚ್ಚಿದರು, ಮೈಕೈ ನೋಯಿತು. ಕೊನೆಗೆ ಒಂದು ಕೈಯಿಂದ ರಕ್ತ ಎಳೆದು, ಯಂತ್ರದಲ್ಲಿ ಕೋಶ ಸೋಸಿಕೊಂಡು, ಇನ್ನೊಂದು ಕೈಗೆ ವಾಪಸ್ ಬಿಟ್ಟರು. ಅಷ್ಟೇ. ಆದರೂ ಬಟ್ಟೆ ತರಲು ಆಸ್ಪತ್ರೆಯಿಂದ ಊರಿಗೆ ಬಂದವನು ಸೂಪಿನ ಮುಲಾಜಿಗೆ ಕುಂಟಿದೆ. ಚಾಚಿ ಕಟ್ಟೆಯ ಮೇಲಿಂದ ನೋಡಿಯೇ ನೋಡಿದರು.

"ನಿನ್ನೆ ಎಡಗಾಲು ಕುಂಟ್ತಿತ್ತು, ಇವತ್ತು ಬಲಗಾಲು. ಎರಡರಾಗೂ ತೆಗೆದ್ರೇನ್ರೀ?"

ಅಂದಿಗೆ ಸೂಪು ನಿಂತಿತು.

ಅಕ್ಕನಿಗೆ ಆ ಕೋಶಗಳನ್ನು ಹಾಕಿದ್ದು ಗ್ಲೂಕೋಸ್ ಏರಿಸಿದ ಹಾಗೆ, ರಕ್ತನಾಳಕ್ಕೆ. ಮೂಳೆಗೆ ಹಾಕುವುದಿಲ್ಲವೇ ಎಂದು ಕೇಳಿದೆ. ಅವೇ ಹೋಗುತ್ತವೆ ಎಂದರು ಡಾಕ್ಟರು. ರಕ್ತದಲ್ಲಿ ತೇಲುತ್ತ ಮೂಳೆಯ ಸಣ್ಣ ನಾಳಗಳಿಗೆ ಬಂದಾಗ ಮಜ್ಜೆಯ ಕರೆ ಅವಕ್ಕೆ ತಿಳಿಯುತ್ತದಂತೆ. ನಾಳದ ಒಳಗೋಡೆಗೆ ತಾಗಿ ಮೆಲ್ಲಗೆ ಉರುಳಿ, ಅಂಟಿಕೊಂಡು, ಮೈ ಕಿರಿದು ಮಾಡಿಕೊಂಡು ಗೋಡೆಯಲ್ಲೇ ನುಸುಳಿ ಆಚೆಗೆ ಇಳಿಯುತ್ತವಂತೆ. ಎಲ್ಲವೂ ತಲುಪುವುದಿಲ್ಲ. ತಲುಪಿದವು ಅಲ್ಲಿ ನೆಲೆಯೂರಿದರೆ ಮಾತ್ರ ಹೊಸ ರಕ್ತ. ಅದಕ್ಕೂ ವಾರಗಳು ಬೇಕು.

ನನ್ನ ಕೋಶಗಳು ಸ್ವಾಮಿ! ಜಗಳೂರು ಬಸ್ ಸ್ಟ್ಯಾಂಡಿನಲ್ಲಿ ಪ್ರತಿಸಲವೂ ಸೊಕ್ಕೆ ಬಸ್ಸು ಯಾವುದೆಂದು ಕೇಳುವವನ ಕೋಶಗಳು. ದಾರಿ ಸಿಕ್ಕರೂ ಅಕ್ಕನ ಮನೆಯಲ್ಲಿ ನಿಲ್ಲುವ ಜಾತಿಯಲ್ಲ. ನಗಬೇಡಿ, ಸೋಂಕು ತಾಗದಂತೆ ಅಕ್ಕನನ್ನು ಇಟ್ಟಿದ್ದ ಕೋಣೆಯ ಗಾಜಿನ ಹೊರಗೆ ನಿಂತು ನಾನು ನಿಜವಾಗಿಯೂ ಹೆದರಿದ್ದೆ. ಅವಳ ಹಳೆಯ ಮಜ್ಜೆಯನ್ನು ಔಷಧಿ ಹಾಕಿ ಅಳಿಸಿಯಾಗಿತ್ತು. ಇವು ಉಳಿಯದಿದ್ದರೆ ಅಕ್ಕ ಉಳಿಯುತ್ತಿರಲಿಲ್ಲ.

ಗಾಜಿನಾಚೆಯ ಅವಳಿಗೆ ಫೋನ್ ಮಾಡಿ, ಅವು ನನ್ನ ಹಾಗೇ ಎದ್ದು ಹೊರಟರೆ ಏನು ಗತಿ ಎಂದೆ. ಕೂದಲು ಉದುರಿದ ತಲೆಯನ್ನು ದಿಂಬಿಗೆ ಆನಿಸಿ ಅಕ್ಕ ಸಣ್ಣ ದನಿಯಲ್ಲಿ ಹೇಳಿದಳು:

"ಭತ್ತದ ಊರಾಗೆ ಹುಟ್ಟಿದಾಕಿ ಜೋಳದ ಊರಿಗೆ ಬಂದು ನಾನು ಉಳೀಲಿಲ್ಲೇನು? ಹೊಸ ಮನೆ ಅಲ್ಲೇನೋ. ಮೊದ್ಲು ಅಳ್ತಾವೆ, ಆಮ್ಯಾಲೆ ಒಲೆ ಹಚ್ತಾವೆ. ನೀನು ಸುಮ್ಕಿರು."

ಸುಮ್ಮನಿರುವುದು ನನಗೆ ಬರುವ ವಿದ್ಯೆಯಲ್ಲ. ರಕ್ತದ ರಿಪೋರ್ಟು ಬಂದಾಗಲೆಲ್ಲ ನರ್ಸಮ್ಮನ ಬೆನ್ನು ಹತ್ತಿದೆ. ಅಂಕಿ ಇಳಿಯಿತು, ಇಳಿದಲ್ಲೇ ಕೂತಿತು. ಕೊನೆಗೊಂದು ಬೆಳಿಗ್ಗೆ ತುಸು ಏರಿತು; ಮರುದಿನ ಇನ್ನಷ್ಟು. ಹಿಡಿದುಕೊಂಡಿವೆ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಓಡಾಡುವವರ ಎದುರೇ ಗೊಳೋ ಎಂದು ಅತ್ತೆ. ತಿಂಗಳುಗಳು ಕಳೆದ ಮೇಲೆ ಅವಳ ರಕ್ತದ ಗುಂಪೇ ಬದಲಾಗಿ ನನ್ನದಾಯಿತು. ಇನ್ನು ತನಗೂ ಸೋಮಾರಿತನ ಬರುತ್ತದೇನೋ ಎಂಬುದೊಂದೇ ಅವಳ ಚಿಂತೆ.

ಇಷ್ಟು ಬರೆಯುವಷ್ಟರಲ್ಲಿ ಒಳಗಿನಿಂದ ಅಕ್ಕ "ಅಯ್ಯೋ" ಅಂದದ್ದು ಕೇಳಿಸಿ ಓಡಿದೆ. ಈರುಳ್ಳಿ ಹೆಚ್ಚುತ್ತ ಬೆರಳು ಕೊಯ್ದುಕೊಂಡಿದ್ದಳು. ರಕ್ತ ಕಂಡದ್ದೇ ತಡ, ಬಟ್ಟೆ ತಾ, ಆಟೋ ಕರಿ, ಡಾಕ್ಟರಿಗೆ ಫೋನ್ ಹಚ್ಚು ಎಂದು ಒಬ್ಬನೇ ಕೂಗಾಡಿದೆ. ಅಕ್ಕ ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದು ಕೂತಳು. ತುಸು ಹೊತ್ತಾದ ಮೇಲೆ ಬಿಚ್ಚಿ ನನ್ನ ಮುಂದೆ ಹಿಡಿದಳು. ರಕ್ತ ತಾನಾಗಿಯೇ ಕಟ್ಟಿತ್ತು.

"ನೋಡು, ನಿಂದೇ ರಕ್ತ," ಎಂದಳು. "ನಿನಗಿಂತ ಧೈರ್ಯ ಐತೆ ಅದಕ್ಕೆ."